ಡಿಲೀಟ್ ಬಟನ್ ಹಿಂದಿನ ಗಡ್ಡದ ಮನುಷ್ಯ: ಜಾನ್ ಪೋಸ್ಟೆಲ್

ಹೋದ ವರ್ಷ ರಾಜ್ಯೋತ್ಸವ ಸಂಚಿಕೆಗೆ ಇನ್ನು ಎರಡು ವಾರ ಇದೆ ಅನ್ನುವಾಗ, ಒಂದು ಬೆಳಿಗ್ಗೆ ನಮ್ಮ ಕನ್ನಡ ಸಂಘದ ಮೇಲ್ ತೆರೆದರೆ ಇನ್‌ಬಾಕ್ಸ್ ಪೂರ್ತಿ ಖಾಲಿ. ಕಥೆ ಇಲ್ಲ, ಕವನ ಇಲ್ಲ, ಯಾರೋ ಕಷ್ಟಪಟ್ಟು ಟೈಪ್ ಮಾಡಿ ಕಳಿಸಿದ್ದ ಕೊಡಚಾದ್ರಿ ಪ್ರವಾಸ ಕಥನವೂ ಇಲ್ಲ. ಮೊದಲು ಯಾರೋ ಹ್ಯಾಕ್ ಮಾಡಿದ್ದಾರೆ ಅಂದುಕೊಂಡು ಎಲ್ಲರೂ ಗಾಬರಿಯಾದೆವು. ಪಾಸ್‌ವರ್ಡ್ ಬದಲಾಯಿಸಿದೆವು. ಟ್ರ್ಯಾಶ್ ನೋಡಿದೆವು, ಅದೂ ಖಾಲಿ.

ಮಧ್ಯಾಹ್ನ ಕ್ಯಾಂಟೀನಲ್ಲಿ ವಿಷಯ ಬಯಲಾಯ್ತು. ಸಂಘದ ಸೀನಿಯರ್ ಅಣ್ಣ ಒಬ್ಬರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಮೇಲ್ ಸಾಫ್ಟ್‌ವೇರ್ ಹಾಕಿ, ಅದರಲ್ಲಿ ಸಂಘದ ಅಕೌಂಟ್ ಸೆಟ್ ಮಾಡಿದ್ದರು. ಪಾಪ್ ಅಂತ ಒಂದು ಆಯ್ಕೆ ಇತ್ತು, ಒತ್ತಿದರು. ಅದು ಎಲ್ಲ ಮೇಲ್‌ಗಳನ್ನೂ ಇಳಿಸಿಕೊಂಡು ಸರ್ವರ್‌ನಿಂದ ಅಳಿಸಿಬಿಟ್ಟಿತ್ತು. ಸರಿ, ಲ್ಯಾಪ್‌ಟಾಪ್‌ನಲ್ಲಾದರೂ ಇದ್ಯಲ್ಲ ಅಂದರೆ, ಸರ್ವರ್‌ನಲ್ಲಿ ಹೇಗೂ ಇರುತ್ತೆ ಅನ್ನೋ ಧೈರ್ಯದಲ್ಲಿ ಅದೇ ರಾತ್ರಿ ಅವರು ಲಿನಕ್ಸ್ ಹಾಕೋಕೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿದ್ದರು! ಬರೆದವರನ್ನೆಲ್ಲ ಹುಡುಕಿ, ಅವರ ಸೆಂಟ್ ಫೋಲ್ಡರ್‌ನಿಂದ ಮತ್ತೆ ಕಳಿಸಿ ಅಂತ ಕೇಳಿಕೊಂಡೆವು. ಬಹಳಷ್ಟು ಸಿಕ್ಕವು. ಆದರೆ ಆ ವರ್ಷವಷ್ಟೇ ಓದು ಮುಗಿಸಿ ಹೋಗಿದ್ದವರ ಕಾಲೇಜು ಮೇಲ್ ಐಡಿಗಳೇ ಬಂದ್ ಆಗಿದ್ದವು. ಅವರ ನಾಲ್ಕು ಬರಹಗಳು ಸಿಗಲೇ ಇಲ್ಲ.

ಬೈಯೋಕೆ ಯಾರೂ ಸಿಗದೇ ಇದ್ದಾಗ ನಾವು ಪ್ರೋಟೋಕಾಲನ್ನೇ ಬೈದೆವು. ಹೀಗೆ ಹೇಳದೆ ಕೇಳದೆ ಅಳಿಸೋ ವ್ಯವಸ್ಥೆಯನ್ನು ಯಾವ ಪುಣ್ಯಾತ್ಮ ಮಾಡಿದ ಅಂತ ಹುಡುಕುತ್ತಾ ಹೋದಾಗ, ಹಳೆಯ ಡಾಕ್ಯುಮೆಂಟ್‌ಗಳ ತಲೆಯಲ್ಲಿ ಒಂದು ಹೆಸರು ಮತ್ತೆ ಮತ್ತೆ ಸಿಕ್ಕಿತು: ಜೆ. ಪೋಸ್ಟೆಲ್. ಬೈಯಲು ಹೋದವರು ಕೊನೆಗೆ ಅವರ ಅಭಿಮಾನಿಗಳಾಗಿ ವಾಪಸ್ ಬಂದೆವು. ಆ ಕಥೆ ಇದು.

ಜೊನಾಥನ್ ಬ್ರೂಸ್ ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಓದಿದ್ದು ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಇಂಟರ್‌ನೆಟ್ ಕಟ್ಟಿದವರಲ್ಲಿ ಇನ್ನಿಬ್ಬರು, ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್, ಅದೇ ಹೈಸ್ಕೂಲಿನವರು. ಆಮೇಲೆ ಮೂವರೂ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಒಂದೇ ಗುಂಪಿನಲ್ಲಿ ಸೇರಿದರು. ಪೋಸ್ಟೆಲ್ ಅಲ್ಲಿ 1966ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು, 1968ರಲ್ಲಿ ಮಾಸ್ಟರ್ಸ್, 1974ರಲ್ಲಿ ಪಿಎಚ್‌ಡಿ. ನೆಟ್‌ವರ್ಕ್ ಪ್ರೋಟೋಕಾಲ್‌ಗಳನ್ನು ಗ್ರಾಫ್ ಮಾದರಿಯಲ್ಲಿ ಇಟ್ಟು ವಿಶ್ಲೇಷಿಸೋದು ಅವರ ಪಿಎಚ್‌ಡಿ ವಿಷಯ. ನಮಗೆ ಡಿಸ್ಕ್ರೀಟ್ ಮ್ಯಾಥ್ಸ್‌ನಲ್ಲಿ ಗ್ರಾಫ್ ಬಂದಾಗ ಇದು ಯಾವ ಕೆಲಸಕ್ಕೆ ಅಂತ ಕೇಳ್ತೀವಲ್ಲ, ಇಂಥ ಕೆಲಸಕ್ಕೆ.

1969ರಲ್ಲಿ ಅರ್ಪಾನೆಟ್ ಶುರುವಾಯ್ತು. ಅದರ ಮೊದಲ ನೋಡ್ ಯುಸಿಎಲ್‌ಎಯಲ್ಲೇ, ಪ್ರೊಫೆಸರ್ ಲಿಯೊನಾರ್ಡ್ ಕ್ಲೈನ್‌ರಾಕ್ ಅವರ ಲ್ಯಾಬಿನಲ್ಲಿ. ಪೋಸ್ಟೆಲ್ ಅಲ್ಲಿ ಗ್ರಾಜುಯೇಟ್ ವಿದ್ಯಾರ್ಥಿ. ಅಕ್ಟೋಬರ್ 29ರ ರಾತ್ರಿ ಆ ಲ್ಯಾಬಿನಿಂದ ಹೋದ ಮೊದಲ ಸಂದೇಶ ಲಾಗಿನ್ ಅಂತ ಆಗಬೇಕಿತ್ತು, ಎರಡೇ ಅಕ್ಷರಕ್ಕೆ ಆ ಕಡೆಯ ಸಿಸ್ಟಂ ಕ್ರ್ಯಾಶ್ ಆಯ್ತು. ಅಂದರೆ ಇಂಟರ್‌ನೆಟ್‌ನ ಪೂರ್ವಜ ಹುಟ್ಟಿದ್ದೇ ಅರ್ಧಕ್ಕೆ ನಿಂತ ಕನೆಕ್ಷನ್‌ನಿಂದ. ಲೈನ್ ಯಾವಾಗ ಬೇಕಾದರೂ ಕಡಿಯಬಹುದು ಅನ್ನೋದು ಅವತ್ತಿನ ಎಂಜಿನಿಯರ್‌ಗಳಿಗೆ ದಿನನಿತ್ಯದ ಅನುಭವ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆ ಹುಡುಗರು ತಮ್ಮ ಚರ್ಚೆಗಳನ್ನು ಬರೆದಿಡಲು ಒಂದು ಸರಣಿ ಶುರುಮಾಡಿದರು. ಹೆಸರು ಆರ್‌ಎಫ್‌ಸಿ, ಅಂದರೆ ನಿಮ್ಮ ಅಭಿಪ್ರಾಯ ತಿಳಿಸಿ ಅನ್ನೋ ಕೋರಿಕೆ. ಮೊದಲನೆಯದನ್ನು ಕ್ರಾಕರ್ 1969ರ ಏಪ್ರಿಲ್‌ನಲ್ಲಿ ಬರೆದರು. ಈ ಸರಣಿಯನ್ನು ನೋಡಿಕೊಳ್ಳೋ ಕೆಲಸ ಪೋಸ್ಟೆಲ್ ಅವರ ಪಾಲಿಗೆ ಬಂತು. ಬಂದ ಬರಹ ಓದಬೇಕು, ತಿದ್ದಬೇಕು, ನಂಬರ್ ಕೊಡಬೇಕು, ಪ್ರಕಟಿಸಬೇಕು. ನಮ್ಮ ಸಂಘದ ಸಂಪಾದಕರು ಮಾಡೋ ಕೆಲಸವೇ. ನಾವು ಒಂದು ವರ್ಷ ಮಾಡೋದರಲ್ಲೇ ಸುಸ್ತಾಗ್ತೀವಿ. ಅವರು ಸಾಯುವವರೆಗೂ, ಹತ್ತಿರ ಹತ್ತಿರ 30 ವರ್ಷ ಮಾಡಿದರು. ಆ ಹೊತ್ತಿಗೆ ಸರಣಿ 2,400ರ ಆಸುಪಾಸು ತಲುಪಿತ್ತು.

ಇನ್ನೊಂದು ಕೆಲಸವನ್ನು ಅವರೇ ಕೇಳಿ ತೆಗೆದುಕೊಂಡರು. ಯಾವ ಸೇವೆಗೆ ಯಾವ ನಂಬರ್ ಅನ್ನೋದನ್ನು ಯಾರಾದರೂ ಒಬ್ಬರು ಹಂಚಬೇಕು, ಇಲ್ಲದಿದ್ದರೆ ಗೊಂದಲವಾಗುತ್ತೆ ಅಂತ 1972ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 349ರಲ್ಲಿ ಬರೆದರು. ಆ ಒಬ್ಬರು ತಾನೇ ಆಗಬಹುದೇ ಅಂತ ಒಂದು ಪ್ರಶ್ನೆ ಚಿಹ್ನೆಯನ್ನೂ ಹಾಕಿದ್ದರು. ಯಾರೂ ಬೇಡ ಅನ್ನಲಿಲ್ಲ. ಇವತ್ತು ನಾವು ಲ್ಯಾಬಿನಲ್ಲಿ ಬಾಯಿಪಾಠ ಮಾಡೋ ಪೋರ್ಟ್ ನಂಬರ್‌ಗಳು, ಎಸ್‌ಎಂಟಿಪಿಗೆ 25, ಎಚ್‌ಟಿಟಿಪಿಗೆ 80, ಪಾಪ್-3ಕ್ಕೆ 110, ಐಮ್ಯಾಪ್‌ಗೆ 143, ಎಲ್ಲ ಅವರು ಕಾಪಾಡಿಕೊಂಡು ಬಂದ ಪಟ್ಟಿಯಲ್ಲಿದ್ದವು. ಆ ಕೆಲಸಕ್ಕೆ ಆಮೇಲೆ ಐಯಾನಾ ಅಂತ ದೊಡ್ಡ ಹೆಸರು ಬಂತು. ಆದರೆ ಬಹಳ ವರ್ಷ ಐಯಾನಾ ಅಂದರೆ ಪೋಸ್ಟೆಲ್ ಮತ್ತು ಅವರ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್ ಅಂತಲೇ ಅರ್ಥ.

ಮೇಲ್ ವಿಷಯಕ್ಕೆ ಅವರು ಬಂದದ್ದೂ ಬೇಗನೇ. 1975ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 706ರಲ್ಲಿ ಒಂದು ಸಮಸ್ಯೆ ಎತ್ತಿದರು: ಬೇಡದ ಸಂದೇಶ ಬಂದರೆ ಬೇಡ ಅನ್ನೋ ದಾರಿಯೇ ಕಂಪ್ಯೂಟರಿಗೆ ಇಲ್ಲವಲ್ಲ ಅಂತ. ಸ್ಪ್ಯಾಮ್ ಅನ್ನೋ ಪದ ಮೇಲ್‌ಗೆ ಅಂಟೋ ಮುಂಚೆಯೇ! ಮೇಲ್ ಕಳಿಸೋದು ಸುಲಭ, ಬಂದಮೇಲೆ ಏನು ಮಾಡಬೇಕು ಅನ್ನೋದೇ ಕಷ್ಟ ಅಂತ ಅವರಿಗೆ ಆಗಲೇ ಗೊತ್ತಾಗಿತ್ತು.

1977ರಲ್ಲಿ ಅವರು ಇನ್ಫರ್ಮೇಷನ್ ಸೈನ್ಸಸ್ ಇನ್‌ಸ್ಟಿಟ್ಯೂಟ್ ಸೇರಿದರು. ಅದು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಸ್ಥೆ, ಮರೀನಾ ಡೆಲ್ ರೇ ಅನ್ನೋ ಸಮುದ್ರದ ಪಕ್ಕದ ಜಾಗದಲ್ಲಿದೆ. ಕೊನೆಯವರೆಗೂ ಅಲ್ಲೇ ಇದ್ದರು. ಎದೆವರೆಗೆ ಇಳಿದ ಗಡ್ಡ, ಕಾಲಲ್ಲಿ ಸ್ಯಾಂಡಲ್ಸ್, ರಜೆ ಸಿಕ್ಕರೆ ಬೆನ್ನಿಗೆ ಬ್ಯಾಗ್ ಹಾಕಿ ಬೆಟ್ಟ ಹತ್ತೋದು. ಫೋಟೋ ನೋಡಿದರೆ ಎಂಜಿನಿಯರ್ ಅನ್ನಿಸಲ್ಲ, ಯಾವುದೋ ಆಶ್ರಮದವರು ಅನ್ನಿಸುತ್ತೆ. ಆದರೆ 1981ರ ಸೆಪ್ಟೆಂಬರ್‌ನಲ್ಲಿ ಐಪಿ, ಐಸಿಎಂಪಿ, ಟಿಸಿಪಿ ಮೂರೂ ಪ್ರೋಟೋಕಾಲ್‌ಗಳ ಅಧಿಕೃತ ದಾಖಲೆಗಳು ಅವರ ಸಂಪಾದನೆಯಲ್ಲೇ ಬಂದವು, ಆರ್‌ಎಫ್‌ಸಿ 791, 792, 793. ಮಾರನೇ ವರ್ಷ ಆಗಸ್ಟ್‌ನಲ್ಲಿ ಎಸ್‌ಎಂಟಿಪಿ, ಆರ್‌ಎಫ್‌ಸಿ 821. ಹಳೆಯ ವ್ಯವಸ್ಥೆ ಬಿಟ್ಟು 1983ರ ಜನವರಿ 1ಕ್ಕೆ ಇಡೀ ಅರ್ಪಾನೆಟ್ ಟಿಸಿಪಿ/ಐಪಿಗೆ ಬದಲಾಯ್ತಲ್ಲ, ಆ ಬದಲಾವಣೆಯ ಯೋಜನೆ ಬರೆದವರೂ ಅವರೇ.

ಎಸ್‌ಎಂಟಿಪಿಯಲ್ಲಿ ಒಂದು ಚಿಕ್ಕ ನಿಯಮ ಇದೆ. ಅದು ಅರ್ಥವಾದರೆ ಡಿಲೀಟ್ ಕಥೆ ಅರ್ಧ ಅರ್ಥವಾದಂತೆ. ಮೇಲ್ ಕಳಿಸುವ ಸರ್ವರ್ ಪೂರ್ತಿ ಸಂದೇಶ ಕಳಿಸಿ ಕಾಯುತ್ತೆ. ಆ ಕಡೆಯ ಸರ್ವರ್ 250 ಅಂತ ಒಪ್ಪಿಗೆ ಕೋಡ್ ಕೊಟ್ಟರೆ ಮಾತ್ರ ಜವಾಬ್ದಾರಿ ಅದಕ್ಕೆ ಹೋಯಿತು ಅಂತ ಅರ್ಥ. ಆಮೇಲೆ ಮಾತ್ರ ಕಳಿಸಿದವರು ತಮ್ಮ ಪ್ರತಿಯನ್ನು ಬಿಡಬಹುದು. ಉತ್ತರ ಬರೋ ಮುಂಚೆ ಲೈನ್ ಕಡಿದರೆ? ಮತ್ತೆ ಕಳಿಸಬೇಕು. ಆಗ ಒಂದೇ ಮೇಲ್ ಎರಡು ಸಲ ಬರಬಹುದು. ಬರಲಿ. ಎರಡು ಬಂದರೆ ಕಿರಿಕಿರಿ ಅಷ್ಟೇ, ಒಂದೂ ಬಾರದಿದ್ದರೆ ನಷ್ಟ. ಕೈಯಲ್ಲಿರೋ ಬಿಂದಿಗೆಯನ್ನು ಎದುರಿನವರು ಗಟ್ಟಿಯಾಗಿ ಹಿಡಿದ ಮೇಲೆ ತಾನೇ ನಾವು ಕೈ ಬಿಡೋದು, ಹಾಗೆ.

ಆದರೆ ಎಸ್‌ಎಂಟಿಪಿ ಮೇಲನ್ನು ಸರ್ವರ್‌ವರೆಗೆ ಮಾತ್ರ ತರುತ್ತೆ. 1980ರ ದಶಕದಲ್ಲಿ ಜನರ ಮೇಜಿನ ಮೇಲೆ ಸಣ್ಣ ಕಂಪ್ಯೂಟರ್‌ಗಳು ಬಂದವು. ಅವು ಸಂಜೆ ಆಫ್ ಆಗುತ್ತಿದ್ದವು, ದಿನವಿಡೀ ಮೇಲ್‌ಗೆ ಕಾದು ಕೂರಲು ಆಗುತ್ತಿರಲಿಲ್ಲ. ಅದಕ್ಕೆ ಮೇಲ್ ಯಾವಾಗಲೂ ಆನ್ ಇರುವ ಸರ್ವರ್‌ನಲ್ಲಿ ಕಾಯಲಿ, ಬೇಕಾದಾಗ ಹೋಗಿ ತರೋಣ ಅನ್ನೋ ಯೋಚನೆ ಬಂತು. ಊರಿನ ಪೋಸ್ಟ್ ಆಫೀಸಿಗೆ ಹೋಗಿ ಕಾಗದ ತರುವ ಹಾಗೆ. ಹೆಸರೂ ಅದೇ, ಪೋಸ್ಟ್ ಆಫೀಸ್ ಪ್ರೋಟೋಕಾಲ್, ಪಾಪ್. ಮೊದಲ ರೂಪವನ್ನು ಜಾಯ್ಸ್ ರೆನಾಲ್ಡ್ಸ್ 1984ರ ಅಕ್ಟೋಬರ್‌ನಲ್ಲಿ ಬರೆದರು. ನಾಲ್ಕೇ ತಿಂಗಳಿಗೆ, 1985ರ ಫೆಬ್ರವರಿಯಲ್ಲಿ, ಎರಡನೇ ರೂಪ ಬಂತು, ಆರ್‌ಎಫ್‌ಸಿ 937. ಬರೆದ ಐದು ಜನರಲ್ಲಿ ಪೋಸ್ಟೆಲ್ ಒಬ್ಬರು.

ನಾವು ಬೈಯಲು ಹೋದದ್ದು ಇಲ್ಲಿಗೇ. ತೆರೆದು ನೋಡಿದರೆ ಏನಿತ್ತು ಗೊತ್ತಾ? ಒಂದು ಮೇಲ್ ಇಳಿಸಿಕೊಂಡ ಮೇಲೆ ನಮ್ಮ ಕಂಪ್ಯೂಟರ್ ಮೂರರಲ್ಲಿ ಒಂದು ಉತ್ತರ ಕೊಡಬೇಕು. ಒಂದು, ಸಿಕ್ಕಿತು, ಅಲ್ಲೇ ಇಟ್ಟುಕೊಂಡಿರು. ಎರಡು, ಸಿಕ್ಕಿತು, ಅಳಿಸು. ಮೂರು, ಸರಿಯಾಗಿ ಸಿಗಲಿಲ್ಲ. ಅಂದರೆ ಸರ್ವರ್ ತಾನಾಗಿ ಏನನ್ನೂ ಅಳಿಸೋದಿಲ್ಲ. ಇಡುವುದೂ ಅಳಿಸುವುದೂ ಪಡೆದವರ ಆಯ್ಕೆ. ಅದನ್ನು ಬಾಯಿ ಬಿಟ್ಟು ಹೇಳಲೇಬೇಕು. ಪ್ರೋಟೋಕಾಲ್ ಕೇಳಿತ್ತು. ಉತ್ತರ ಕೊಟ್ಟದ್ದು ನಮ್ಮ ಕಡೆಯ ಸಾಫ್ಟ್‌ವೇರ್, ನಮ್ಮನ್ನು ಕೇಳದೆ.

1988ರಲ್ಲಿ ಮಾರ್ಷಲ್ ರೋಸ್ ಬರೆದ ಪಾಪ್-3 ಬಂತು. ನಮ್ಮ ಟೆಕ್ಸ್ಟ್‌ಬುಕ್‌ಗಳಲ್ಲಿ ಇರೋದು, ಇಂದಿಗೂ ಬಳಕೆಯಲ್ಲಿರೋದು ಇದೇ. 1996ರ ಆರ್‌ಎಫ್‌ಸಿ 1939ರಲ್ಲಿ ಇದರ ನಿಯಮಗಳು ಸ್ಪಷ್ಟವಾಗಿವೆ. ಇದರಲ್ಲಿ ಅಳಿಸುವುದು ಎರಡು ಹಂತದ ಕೆಲಸ. ಅಳಿಸು ಅಂತ ಆಜ್ಞೆ ಕೊಟ್ಟರೆ ಸರ್ವರ್ ಆ ಮೇಲ್‌ಗೆ ಒಂದು ಗುರುತು ಹಾಕುತ್ತೆ, ಅಷ್ಟೇ. ಮನಸ್ಸು ಬದಲಾದರೆ ರೀಸೆಟ್ ಆಜ್ಞೆ ಕೊಟ್ಟು ಎಲ್ಲ ಗುರುತುಗಳನ್ನೂ ತೆಗೆಸಬಹುದು. ನಾವು ಸರಿಯಾಗಿ ವಿದಾಯ ಹೇಳಿ, ಅಂದರೆ ಕ್ವಿಟ್ ಅಂತ ಕೊಟ್ಟು ಹೊರಟಾಗ ಮಾತ್ರ ಗುರುತು ಹಾಕಿದವು ನಿಜವಾಗಿ ಹೋಗುತ್ತವೆ. ಮಧ್ಯದಲ್ಲಿ ಕರೆಂಟ್ ಹೋದರೆ, ಲೈನ್ ಕಡಿದರೆ, ಸುಮ್ಮನೆ ಕೂತು ಟೈಮ್ ಔಟ್ ಆದರೆ ಸರ್ವರ್ ಒಂದನ್ನೂ ಅಳಿಸಬಾರದು ಅಂತ ಖಡಾಖಂಡಿತ ನಿಯಮ. ಮೊದಲ ರಾತ್ರಿ ಎರಡೇ ಅಕ್ಷರಕ್ಕೆ ನಿಂತ ಕನೆಕ್ಷನ್ ನೆನಪಿದೆಯಲ್ಲ? ಅಂಥದ್ದನ್ನು ಕಣ್ಣಾರೆ ನೋಡಿದ ಪರಂಪರೆಯವರಿಂದ ಮಾತ್ರ ಇಂಥ ನಿಯಮ ಬರುತ್ತೆ. ಡಿಬಿಎಂಎಸ್ ಓದಿದವರಿಗೆ ಇದು ಕಮಿಟ್, ರೋಲ್‌ಬ್ಯಾಕ್ ಅಂತ ತಕ್ಷಣ ಹೊಳೆಯುತ್ತೆ.

ಹಾಗಾದರೆ ಸರ್ವರ್‌ನಲ್ಲಿ ಪ್ರತಿ ಬಿಡು ಅನ್ನೋ ಸೆಟ್ಟಿಂಗ್ ಏನು ಮಾಡುತ್ತೆ? ವಿಶೇಷವೇನಿಲ್ಲ. ಅಳಿಸು ಅನ್ನೋ ಆಜ್ಞೆಯನ್ನೇ ಕೊಡೋದಿಲ್ಲ. ಮುಂದಿನ ಸಲ ಅದೇ ಮೇಲ್ ಮತ್ತೆ ಇಳಿಯದಿರಲಿ ಅಂತ ಪ್ರತಿ ಮೇಲ್‌ನ ಗುರುತಿನ ಸಂಖ್ಯೆಯನ್ನು ಸಾಫ್ಟ್‌ವೇರ್ ನೆನಪಿಟ್ಟುಕೊಳ್ಳುತ್ತೆ. ಒಂದೇ ಒಂದು ಟಿಕ್ ಮಾರ್ಕ್. ನಮ್ಮ ನಾಲ್ಕು ಬರಹಗಳ ಬೆಲೆ ಅಷ್ಟೇ ಆಗಿತ್ತು.

ಇನ್ನೊಂದು ದಾರಿ ಐಮ್ಯಾಪ್. ಇದನ್ನು ಸ್ಟ್ಯಾನ್‌ಫರ್ಡ್‌ನಲ್ಲಿ 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಶುರುಮಾಡಿದರು. ಇವರಿಗೂ ಪೋಸ್ಟೆಲ್‌ಗೂ ಒಂದು ತಮಾಷೆಯ ನಂಟಿದೆ. 1978ರ ಏಪ್ರಿಲ್ 1ರಂದು ಕ್ರಿಸ್ಪಿನ್ ಬರೆದ ಆರ್‌ಎಫ್‌ಸಿ 748 ಪೂರ್ತಿ ಜೋಕ್, ಡೇಟಾವನ್ನು ಬೇಕಂತಲೇ ಕಳೆದುಹಾಕುವ ಒಂದು ಸೌಲಭ್ಯದ ಬಗ್ಗೆ. ಅಷ್ಟು ಗಂಭೀರ ಸರಣಿಯಲ್ಲಿ ಸಂಪಾದಕರು ಅದಕ್ಕೂ ನಂಬರ್ ಕೊಟ್ಟರು! ಡೇಟಾ ಕಳೆಯೋದರ ಬಗ್ಗೆ ಜೋಕ್ ಬರೆದವರೇ ಮುಂದೆ ಮೇಲ್ ಕಳೆಯದ ಹಾಗೆ ಸರ್ವರ್‌ನಲ್ಲೇ ಇಟ್ಟು ಓದುವ ಪ್ರೋಟೋಕಾಲ್ ಮಾಡಿದರು.

ಐಮ್ಯಾಪ್‌ನಲ್ಲೂ ಅಳಿಸುವುದು ಎರಡು ಹಂತವೇ. ಮೊದಲು ಅಳಿಸಲಾಗಿದೆ ಅನ್ನೋ ಫ್ಲ್ಯಾಗ್ ಹಾಕೋದು. ಆಮೇಲೆ ಎಕ್ಸ್‌ಪಂಜ್ ಅಂತ ಆಜ್ಞೆ ಕೊಟ್ಟರೆ ಫ್ಲ್ಯಾಗ್ ಇದ್ದವೆಲ್ಲ ಶಾಶ್ವತವಾಗಿ ಹೋಗುತ್ತವೆ. ಪಾಪ್‌ಗಿಂತ ಇದು ಹೇಗೆ ಬೇರೆ ಅಂದರೆ, ಇಲ್ಲಿ ಫ್ಲ್ಯಾಗ್ ಸೆಷನ್ ಮುಗಿದರೂ ಉಳಿಯಬಹುದು, ಬೇರೆಯವರ ಫೋನಿಗೂ ಕಾಣಬಹುದು. ನಮ್ಮ ಸಂಘದ ಹಾಗೆ ಒಂದೇ ಅಕೌಂಟನ್ನು ನಾಲ್ಕು ಜನ ಬಳಸುತ್ತಿದ್ದರೆ ಇಲ್ಲೂ ಒಂದು ಅಪಾಯ ಇದೆ: ಒಬ್ಬರು ಎಕ್ಸ್‌ಪಂಜ್ ಕೊಟ್ಟರೆ ಇನ್ನೊಬ್ಬರು ಫ್ಲ್ಯಾಗ್ ಹಾಕಿದ್ದೂ ಸೇರಿ ಹೋಗುತ್ತೆ. ಅದಕ್ಕೇ ಮುಂದೆ ಇಂತಿಂಥ ಮೇಲ್ ಮಾತ್ರ ತೆಗಿ ಅಂತ ಹೇಳುವ ವಿಸ್ತರಣೆ ಬಂತು.

ಅಳಿಸುವುದರ ಬಗ್ಗೆ ಇಷ್ಟು ಎಚ್ಚರ ಇದ್ದ ಪೋಸ್ಟೆಲ್ ತಮ್ಮ ಸ್ವಂತ ಸರಣಿಯಲ್ಲಿ ಏನು ಮಾಡಿದರು? ಅಳಿಸುವುದೇ ಇಲ್ಲ. ಒಮ್ಮೆ ಪ್ರಕಟವಾದ ಆರ್‌ಎಫ್‌ಸಿಯನ್ನು ತಿದ್ದೋ ಹಾಗಿಲ್ಲ, ತೆಗೆಯೋ ಹಾಗೂ ಇಲ್ಲ. ತಪ್ಪಿದ್ದರೆ ಹೊಸ ನಂಬರಿನಲ್ಲಿ ಹೊಸದು ಬರೆಯಿರಿ, ಹಳೆಯದರ ಜಾಗಕ್ಕೆ ಇದು ಬಂದಿದೆ ಅಂತ ಹೇಳಿ. ಹಳೆಯದು ಹಾಗೇ ಇರಲಿ. ಅದಕ್ಕೇ ನಾವು ಹಾಸ್ಟೆಲ್ ರೂಮಿನಲ್ಲಿ ಕೂತು, ನಾವು ಹುಟ್ಟೋ ಎಷ್ಟೋ ಮುಂಚೆ ಬರೆದ ಆರ್‌ಎಫ್‌ಸಿ 937ನ್ನು ಬರೆದ ಹಾಗೇ ಓದಲು ಆಯಿತು. ಬಳಕೆಯಿಂದ ಹೋದರೂ ಪಾಪ್-2ರ ದಾಖಲೆ ಇದೆ. ಒಂದು ವರ್ಷದ ಹಿಂದಿನ ನಮ್ಮ ಬರಹಗಳು ಇಲ್ಲ.

ಅವರು ಹೇಳಿದ ಇನ್ನೊಂದು ತತ್ವವನ್ನು ಪ್ರೋಟೋಕಾಲ್ ಬರೆಯುವವರು ಇವತ್ತಿಗೂ ಪೋಸ್ಟೆಲ್ ನಿಯಮ ಅಂತಾರೆ. ನಾವು ಕಳಿಸೋದು ಶಿಸ್ತಾಗಿರಲಿ, ಬೇರೆಯವರಿಂದ ಬಂದದ್ದರಲ್ಲಿ ಸಣ್ಣಪುಟ್ಟ ತಪ್ಪಿದ್ದರೆ ಸಹಿಸಿಕೊಳ್ಳೋಣ ಅನ್ನೋದು ಅದರ ಸಾರ. ಇದರಿಂದ ಭದ್ರತೆಗೆ ತೊಂದರೆ ಆಗುತ್ತೆ ಅಂತ ಇವತ್ತು ವಾದ ಮಾಡುವವರೂ ಇದ್ದಾರೆ, ಅದರಲ್ಲೂ ಅರ್ಥ ಇದೆ. ಆದರೆ ಬೇರೆ ಬೇರೆ ಕಂಪನಿಗಳ ಅಷ್ಟು ತರದ ಯಂತ್ರಗಳು ಒಂದಕ್ಕೊಂದು ಮಾತಾಡೋಕೆ ಶುರುಮಾಡಿದ್ದು ಈ ಸಹನೆಯಿಂದಲೇ.

ನಮ್ಮ ದೇಶಕ್ಕೂ ಅವರ ಕೆಲಸದ ನಂಟಿದೆ. ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು 1983ರಲ್ಲಿ ರೂಪಿಸಿದ್ದು ಅವರ ಸಹೋದ್ಯೋಗಿ ಪಾಲ್ ಮಾಕಪೆಟ್ರಿಸ್. ಆ ಕೆಲಸ ವಹಿಸಿದ್ದು ಪೋಸ್ಟೆಲ್. ಡಾಟ್ ಕಾಮ್, ಡಾಟ್ ಆರ್ಗ್ ಥರದ ಹೆಸರುಗಳ ಪಟ್ಟಿ ಇದ್ದ 1984ರ ಆರ್‌ಎಫ್‌ಸಿ 920 ಬರೆದವರು ಅವರು ಮತ್ತು ರೆನಾಲ್ಡ್ಸ್. ದೇಶಗಳಿಗೆ ಎರಡಕ್ಷರದ ಹೆಸರು ಹಂಚುವಾಗ, ಯಾವುದು ದೇಶ ಯಾವುದು ಅಲ್ಲ ಅಂತ ತೀರ್ಮಾನಿಸುವ ಉಸಾಬರಿಗೆ ಅವರು ಹೋಗಲಿಲ್ಲ. ಐಎಸ್‌ಒ ಪಟ್ಟಿಯಲ್ಲಿ ಇದ್ದರೆ ಸಾಕು ಅಂದರು. ಭಾರತದ ಡಾಟ್ ಇನ್ 1989ರಲ್ಲಿ ಬಂತು. ಆಗ ಇಲ್ಲಿ ಎರ್ನೆಟ್ ಅನ್ನೋ ಶೈಕ್ಷಣಿಕ ನೆಟ್‌ವರ್ಕ್ ಬೆಳೆಯುತ್ತಿತ್ತು, ಅದರ ಮೊದಲ ಸಂಸ್ಥೆಗಳಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿ ಕೂಡ ಒಂದು.

ಇಷ್ಟು ದೊಡ್ಡ ವ್ಯವಸ್ಥೆ ಒಬ್ಬ ಮನುಷ್ಯನ ಮೇಲಿನ ನಂಬಿಕೆಯಲ್ಲಿ ನಡೀತಿತ್ತು. 1990ರ ದಶಕದಲ್ಲಿ ಇಂಟರ್‌ನೆಟ್‌ಗೆ ದುಡ್ಡು ಬಂತು. ದುಡ್ಡಿನ ಜೊತೆ, ಇದು ಯಾರದ್ದು ಅನ್ನೋ ಜಗಳವೂ ಬಂತು. 1998ರ ಜನವರಿ 28ರಂದು ಪೋಸ್ಟೆಲ್ ಎಂಟು ರೂಟ್ ಸರ್ವರ್‌ಗಳನ್ನು ನಡೆಸುವವರಿಗೆ ಒಂದು ಮೇಲ್ ಕಳಿಸಿದರು. ಡೊಮೈನ್ ಪಟ್ಟಿಯನ್ನು ಇನ್ನು ಮುಂದೆ ಸರ್ಕಾರದ ಗುತ್ತಿಗೆ ಇದ್ದ ಕಂಪನಿಯ ಯಂತ್ರದಿಂದ ತೆಗೆದುಕೊಳ್ಳಬೇಡಿ, ಐಯಾನಾ ಯಂತ್ರದಿಂದ ತೆಗೆದುಕೊಳ್ಳಿ ಅಂತ. ಅವರು ಹಾಗೇ ಮಾಡಿದರು. ಎರಡೂ ಕಡೆ ಒಂದೇ ಮಾಹಿತಿ ಇದ್ದದ್ದರಿಂದ ಸಾಮಾನ್ಯ ಜನರಿಗೆ ಏನೂ ಗೊತ್ತಾಗಲಿಲ್ಲ. ಅಮೆರಿಕ ಸರ್ಕಾರಕ್ಕೆ ಗೊತ್ತಾಯ್ತು, ಕೋಪವೂ ಬಂತು. ಇದು ಬರೀ ಟೆಸ್ಟ್ ಅಂತ ಪೋಸ್ಟೆಲ್ ಹೇಳಿದರು. ಒಂದು ವಾರದೊಳಗೆ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು.

ಇದು ಸರಿಯೋ ತಪ್ಪೋ ಅಂತ ನಾವು ಸಂಘದ ಮೀಟಿಂಗಿನಲ್ಲಿ ಅರ್ಧ ಗಂಟೆ ಕಿತ್ತಾಡಿದೆವು. ಒಬ್ಬರ ಒಂದು ಮೇಲ್‌ಗೆ ಇಡೀ ಇಂಟರ್‌ನೆಟ್‌ನ ಬೇರು ಬದಲಾಗೋದು ಭಯದ ವಿಷಯವೇ. ಆದರೆ ಆ ಶಕ್ತಿಯನ್ನು ಅವರು ಮೂವತ್ತು ವರ್ಷದಲ್ಲಿ ಒಂದು ಸಲವೂ ದುಡ್ಡಿಗಾಗಿ ಬಳಸಲಿಲ್ಲ ಅನ್ನೋದೂ ನಿಜ. ಕೊನೆಗೆ ಅವರೂ ಒಪ್ಪಿದ ದಾರಿ ಅಂದರೆ, ಈ ಕೆಲಸ ಒಬ್ಬರಿಂದ ಒಂದು ಸಂಸ್ಥೆಗೆ ಹೋಗಬೇಕು ಅನ್ನೋದು. 1998ರ ಸೆಪ್ಟೆಂಬರ್ 30ರಂದು ಐಕ್ಯಾನ್ ಹುಟ್ಟಿತು.

ಅದಾಗಿ ಎರಡು ವಾರ ದಾಟಿತ್ತಷ್ಟೇ. ಪೋಸ್ಟೆಲ್‌ಗೆ ಹೃದಯದ ತೊಂದರೆ ಮೊದಲಿನಿಂದ ಇತ್ತು, 1991ರಲ್ಲಿ ಕವಾಟ ಬದಲಿಸುವ ಆಪರೇಷನ್ ಆಗಿತ್ತು. ಮತ್ತೆ ಅದೇ ಕವಾಟದ ಸಮಸ್ಯೆಗೆ ಚಿಕಿತ್ಸೆ ಪಡೆಯುವಾಗ, 1998ರ ಅಕ್ಟೋಬರ್ 16ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ವಯಸ್ಸು 55. ಸ್ಕೂಲಿನ ಕಾಲದ ಊರಿನವರಾದ ವಿಂಟ್ ಸರ್ಫ್ ಮರುದಿನವೇ ಅವರನ್ನು ನೆನೆದು ಬರೆದರು. ಆ ಬರಹವೂ ಒಂದು ಆರ್‌ಎಫ್‌ಸಿ ಆಯಿತು, ನಂಬರ್ 2468. ಆ ಸರಣಿಯಲ್ಲಿ ಇರೋದರಿಂದ ಅದನ್ನೂ ಯಾರೂ ಅಳಿಸೋ ಹಾಗಿಲ್ಲ.

ಈಗ ನಮ್ಮ ಸಂಘದ ಮೇಲ್ ಐಮ್ಯಾಪ್‌ನಲ್ಲಿದೆ. ಬಂದ ಪ್ರತಿ ಬರಹವನ್ನು ಅವತ್ತೇ ಇನ್ನೊಂದು ಕಡೆ ಕಾಪಿ ಮಾಡ್ತೀವಿ, ನಂಬರ್ ಹಾಕ್ತೀವಿ, ಸಿಕ್ಕಿತು ಅಂತ ಬರೆದವರಿಗೆ ಉತ್ತರ ಕಳಿಸ್ತೀವಿ. ಇಬ್ಬರು ಒಪ್ಪದೆ ಯಾವುದನ್ನೂ ಅಳಿಸೋದಿಲ್ಲ. ಆ ನಾಲ್ಕು ಬರಹಗಳ ಜಾಗದಲ್ಲಿ ನಮ್ಮ ಪಟ್ಟಿಯಲ್ಲಿ ನಾಲ್ಕು ನಂಬರ್ ಖಾಲಿ ಬಿಟ್ಟಿದ್ದೇವೆ. ಬರೆದ ಅಣ್ಣಂದಿರು, ಅಕ್ಕಂದಿರು ಇದನ್ನು ಓದುತ್ತಿದ್ದರೆ, ಹಳೇ ಪೆನ್‌ಡ್ರೈವ್‌ನಲ್ಲಿ ಎಲ್ಲಾದರೂ ಉಳಿದಿದ್ದರೆ, ದಯವಿಟ್ಟು ಕಳಿಸಿ. ಎರಡು ಸಲ ಬಂದರೂ ಪರವಾಗಿಲ್ಲ.